ಮೂಲ ಒಂದು, ರೂಪ ಹಲವು: ಪಠ್ಯ ಪರಿವರ್ತನ ಸಾಧನದ ಅಗತ್ಯವನ್ನು ನಿರ್ಣಯಿಸುವ ಬಗೆ

ಬರೆದಿಟ್ಟದ್ದು ಉಳಿಯುತ್ತದೆ ಎಂಬುದು ಲೋಕರೂಢಿಯ ಮಾತು. ಆದರೆ ಬರೆದಿಟ್ಟದ್ದು ಒಂದೇ ರೂಪದಲ್ಲಿ ಉಳಿದರೆ ಸಾಲದು. ಕಾಲಕಾಲಕ್ಕೆ ಬೇರೆ ಬೇರೆ ಓದುಗರಿಗೆ ಸಲ್ಲುವ ರೂಪವನ್ನು ತಾಳುತ್ತ ಬಂದಾಗ ಮಾತ್ರ ಅದು ಬಳಕೆಯಲ್ಲಿ ಬಾಳುತ್ತದೆ. ಬೆಂಗಳೂರಿನ ಪೂರ್ವಭಾಗದಲ್ಲಿ, ಹಲಸೂರು ಮತ್ತು ಇಂದಿರಾನಗರಗಳಿಗೆ ಸಮೀಪವಾದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಪ್ರಾಚೀನ ಶಾಸನಗಳಿವೆ. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಜನಿಸಿದ ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಆ ಗ್ರಂಥಮಾಲೆಯ ಕ್ರಮ ಇಂದಿಗೂ ಗಮನಾರ್ಹವಾಗಿದೆ. ಶಾಸನಪಾಠವು ದೇಶೀಯ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಮತ್ತೊಮ್ಮೆ ಅಲ್ಲಿ ದೊರೆಯುತ್ತದೆ. ಕಲ್ಲು ಒಂದೇ, ಓದುಗರು ಹಲವರಾದುದರಿಂದ ರೂಪಗಳೂ ಹಲವಾದವು.

ಇಂದು ಇದೇ ಸಮಸ್ಯೆ ಪ್ರತಿಯೊಂದು ವಿದ್ಯಾಸಂಸ್ಥೆಯ ಕಚೇರಿಯ ಬಾಗಿಲಿಗೆ ಬಂದು ನಿಂತಿದೆ. ಪ್ರವೇಶ ನಿಯಮಾವಳಿ, ಪಾಠಟಿಪ್ಪಣಿ, ಪ್ರಯೋಗಾಲಯದ ಕೈಪಿಡಿ, ವಾರ್ಷಿಕ ಸಂಚಿಕೆ ಇವೆಲ್ಲ ಮುದ್ರಿತ ಪುಸ್ತಕವಾಗಬೇಕು, ಜಾಲತಾಣದ ಪುಟವಾಗಬೇಕು, ಮೊಬೈಲಿನಲ್ಲಿ ಓದುವ ಇ-ಪುಸ್ತಕವಾಗಬೇಕು, ಕೆಲವೊಮ್ಮೆ ಬ್ರೈಲ್ ಪ್ರತಿಯೂ ಆಗಬೇಕು. ಇವೆಲ್ಲವನ್ನೂ ಒಂದೇ ಮೂಲದಿಂದ ತಯಾರಿಸಿಕೊಡುವ ಗಣಕ ಸಾಧನಗಳು ಈಗ ಲಭ್ಯವಿವೆ. ಅವುಗಳಲ್ಲಿ ಕೆಲವು ಉಚಿತ, ಕೆಲವು ದುಬಾರಿ. ಇಂತಹ ಸಾಧನ ಒಂದು ಸಂಸ್ಥೆಗೆ ನಿಜವಾಗಿ ಬೇಕೆ, ಬೇಡವೆ ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರಿವರ್ತನೆ ಎಂದರೇನು?

ಮೊಟ್ಟಮೊದಲು ಮೂರು ಕಾರ್ಯಗಳನ್ನು ಬೇರ್ಪಡಿಸಿ ನೋಡಬೇಕು. ಭಾಷೆ ಬದಲಾದರೆ ಅದು ಅನುವಾದ. ಭಾಷೆ ಹಾಗೆಯೇ ಇದ್ದು ಲಿಪಿ ಬದಲಾದರೆ ಅದು ಲಿಪ್ಯಂತರ. ಭಾಷೆ ಲಿಪಿಗಳೆರಡೂ ಹಾಗೆಯೇ ಇದ್ದು, ಪಠ್ಯವನ್ನು ಹೊತ್ತ ಕಡತದ ಬಗೆ ಮಾತ್ರ ಬದಲಾದರೆ ಅದು ರೂಪಾಂತರ. ರೈಸ್ ಅವರ ಸಂಪುಟದಲ್ಲಿ ಮೊದಲ ಎರಡು ಕಾರ್ಯಗಳು ನಡೆದಿವೆ. ಇಲ್ಲಿ ಹೇಳುತ್ತಿರುವ ಸಾಧನ ಮಾಡುವುದು ಮೂರನೆಯದನ್ನು ಮಾತ್ರ.

ಈ ಭೇದ ದಂಡು ಪ್ರದೇಶದ ಸಂಸ್ಥೆಗಳಿಗೆ ವಿಶೇಷವಾಗಿ ತಿಳಿದಿರಬೇಕು. ೧೮೦೯ರಲ್ಲಿ ಸೈನ್ಯದ ನೆಲೆಯಾಗಿ ರೂಪುಗೊಂಡಂದಿನಿಂದ ಈ ಭಾಗದಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿವೆ. ಶಿವಾಜಿನಗರದ ಶಾಲೆಯೊಂದು ತನ್ನ ಸೂಚನಾಪತ್ರವನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಕೊಡಬೇಕಾದರೆ ಅದಕ್ಕೆ ಬೇಕಾದುದು ಎರಡೂ ಭಾಷೆಗಳನ್ನು ಬಲ್ಲ ಅಧ್ಯಾಪಕರ ಶ್ರಮ. ಕಡತದ ಬಗೆ ಬದಲಿಸುವ ಸಾಧನ ಅಲ್ಲಿ ಉಪಯೋಗಕ್ಕೆ ಬಾರದು. ಆ ಎರಡು ಪಠ್ಯಗಳೂ ಸಿದ್ಧವಾದ ಮೇಲೆ ಒಂದೊಂದನ್ನೂ ಗೋಡೆಯ ಪತ್ರ, ಮೊಬೈಲಿನ ಪುಟ ಎಂದು ಹಲವು ರೂಪಗಳಲ್ಲಿ ಹೊರಡಿಸಬೇಕಾದಾಗ ಮಾತ್ರ ಅದರ ಮಾತು ಬರುತ್ತದೆ. ತಮಗೆ ಬೇಕಾದದ್ದು ಅನುವಾದವೋ ರೂಪಾಂತರವೋ ಎಂಬುದನ್ನು ನಿರ್ಧರಿಸದೆ ಸಾಧನ ಕೊಳ್ಳುವುದು ರೋಗ ತಿಳಿಯದೆ ಔಷಧಿ ತಂದಂತೆ.

ಪಾಠಾಂತರದ ಭಯ

ಓಲೆಗರಿಗಳ ಕಾಲದ ಗ್ರಂಥಗಳನ್ನು ಸಂಪಾದಿಸುವ ವಿದ್ವಾಂಸರು ಎದುರಿಸುವ ಬಹುದೊಡ್ಡ ತೊಡಕು ಪಾಠಾಂತರ. ಒಂದೇ ಕೃತಿಯನ್ನು ಹಲವು ಊರುಗಳ ಲಿಪಿಕಾರರು ಹಲವು ಕಾಲಗಳಲ್ಲಿ ಪ್ರತಿ ಮಾಡಿದಾಗ, ಒಬ್ಬನ ಕೈಯಲ್ಲಿ ಒಂದು ಅಕ್ಷರ ಬಿಟ್ಟುಹೋಗುತ್ತದೆ. ಮತ್ತೊಬ್ಬನ ಕೈಯಲ್ಲಿ ಒಂದು ಸಾಲು ಸೇರಿಕೊಳ್ಳುತ್ತದೆ. ಕೊನೆಗೆ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ತಿಳಿಯಲು ಪ್ರತಿಗಳನ್ನೆಲ್ಲ ಹರಡಿಕೊಂಡು ಕೂರಬೇಕಾಗುತ್ತದೆ. ಡಾ. ಫ. ಗು. ಹಳಕಟ್ಟಿಯವರು ವಕೀಲಿವೃತ್ತಿಯ ನಡುವೆ ಊರೂರು ತಿರುಗಿ ವಚನಗಳ ಓಲೆಪ್ರತಿಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, ಮುಂದೆ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೇ ಸ್ಥಾಪಿಸಿದ ಸಾಹಸವನ್ನು ನೆನೆದರೆ, ಓಲೆಯಿಂದ ಅಚ್ಚಿಗೆ ನಡೆದ ಆ ಒಂದು ರೂಪಾಂತರದ ಹಿಂದೆ ಎಷ್ಟು ಶ್ರಮವಿತ್ತೆಂಬುದು ವೇದ್ಯವಾಗುತ್ತದೆ.

ಗಣಕದ ಕಾಲದಲ್ಲಿ ಪಾಠಾಂತರ ಅಳಿಯಿತೆಂದು ಭಾವಿಸುವುದು ತಪ್ಪು. ಶಾಲೆಯ ನಿಯಮಾವಳಿಯ ಒಂದು ಪ್ರತಿ ಮುದ್ರಕರ ಬಳಿ, ಒಂದು ಪ್ರತಿ ಜಾಲತಾಣದಲ್ಲಿ, ಒಂದು ಪ್ರತಿ ಗುಮಾಸ್ತರ ಗಣಕದಲ್ಲಿ ಇದೆಯೆಂದು ಇಟ್ಟುಕೊಳ್ಳೋಣ. ಶುಲ್ಕ ಕಟ್ಟುವ ಕಡೆಯ ದಿನಾಂಕವನ್ನು ಗುಮಾಸ್ತರ ಪ್ರತಿಯಲ್ಲಿ ತಿದ್ದಿ, ಜಾಲತಾಣದಲ್ಲಿ ತಿದ್ದಲು ಮರೆತರೆ, ಎರಡು ಪ್ರತಿಗಳು ಎರಡು ಮಾತು ಹೇಳುತ್ತವೆ. ದೂರದ ಹಳ್ಳಿಯಿಂದ ಮಗನನ್ನು ಕರೆತಂದ ತಂದೆ ಯಾವುದನ್ನು ನಂಬಬೇಕು?

ಈ ಭಯ ಕಾರ್ಖಾನೆಗಳಲ್ಲಿ ಇನ್ನೂ ಗುರುತರವಾದುದು. ೧೯೪೦ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯೂ, ೧೯೪೮ರಲ್ಲಿ ಕೃಷ್ಣರಾಜಪುರದ ಸಮೀಪ ಸ್ಥಾಪಿತವಾದ ಭಾರತೀಯ ದೂರವಾಣಿ ಕಾರ್ಖಾನೆಯೂ ಪೂರ್ವ ಬೆಂಗಳೂರಿನ ಅನೇಕ ಕುಟುಂಬಗಳಿಗೆ ಅನ್ನವಿತ್ತಿವೆ. ಇಂತಹ ಯಂತ್ರೋದ್ಯಮಗಳಲ್ಲಿ ಒಂದು ಯಂತ್ರದ ನಿರ್ವಹಣೆಯ ಸೂಚನೆ ಅಭಿಯಂತರರ ಕೈಪಿಡಿಯಲ್ಲಿ, ತರಬೇತಿಯ ಪುಸ್ತಕದಲ್ಲಿ, ಕೆಲಸದ ಸ್ಥಳದ ಪರದೆಯಲ್ಲಿ ಹೀಗೆ ಹಲವೆಡೆ ಕಾಣಿಸಿಕೊಳ್ಳಬೇಕಾಗುತ್ತದೆ. ಒಂದು ತಿರುಪನ್ನು ಎಷ್ಟು ಬಿಗಿಯಬೇಕೆಂಬ ಅಂಕಿ ಒಂದೆಡೆ ಬದಲಾಗಿ ಮತ್ತೊಂದೆಡೆ ಬದಲಾಗದಿದ್ದರೆ ಪರಿಣಾಮ ಪ್ರಾಣಾಂತಿಕವಾದೀತು. ಒಂದೇ ಮೂಲದಿಂದ ಹಲವು ರೂಪಗಳನ್ನು ಪಡೆಯುವ ಪದ್ಧತಿ ಬೆಳೆದುಬಂದುದೇ ಇಂತಹ ಅನಿವಾರ್ಯತೆಯಿಂದ. ಆದುದರಿಂದ ನಿರ್ಣಯದ ಮೂಲಸೂತ್ರವನ್ನು ಹೀಗೆ ಹೇಳಬಹುದು: ಒಂದೇ ಪಠ್ಯ ಹಲವು ರೂಪಗಳಲ್ಲಿ ಇದ್ದು, ಅದು ಮೇಲಿಂದ ಮೇಲೆ ತಿದ್ದುಪಡಿ ಹೊಂದುತ್ತಿದ್ದರೆ, ಅಲ್ಲಿ ಪಾಠಾಂತರದ ಭಯವಿದೆ, ಸಾಧನ ಬೇಕು. ಈ ಎರಡರಲ್ಲಿ ಒಂದು ಇಲ್ಲವಾದರೂ ಸಾಧನದ ಅಗತ್ಯ ಬಹುಮಟ್ಟಿಗೆ ಇಲ್ಲ.

ಸಾಧನ ಕೆಲಸ ಮಾಡುವ ಬಗೆ

ಆರು ಬಗೆಯ ಕಡತಗಳಿವೆಯೆನ್ನೋಣ. ಪ್ರತಿಯೊಂದರಿಂದ ಉಳಿದ ಐದಕ್ಕೆ ನೇರವಾಗಿ ಹೋಗಬೇಕಾದರೆ ಮೂವತ್ತು ಬೇರೆ ಬೇರೆ ದಾರಿಗಳು ಬೇಕು. ಅದರ ಬದಲು ನಡುವೆ ಒಂದು ಸಾಮಾನ್ಯ ರೂಪವನ್ನು ಕಲ್ಪಿಸಿಕೊಂಡರೆ, ಒಳಬರಲು ಆರು, ಹೊರಹೋಗಲು ಆರು, ಒಟ್ಟು ಹನ್ನೆರಡು ದಾರಿಗಳು ಸಾಕು. ಊರಿನ ದಾರಿಗಳೆಲ್ಲ ಒಂದು ಚೌಕದಲ್ಲಿ ಕೂಡುವಂತೆ ಇದು. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ ಅವರು ೨೦೦೬ರಲ್ಲಿ ಹೊರತಂದ ‘ಪ್ಯಾನ್‌ಡಾಕ್’ ಎಂಬ ಉಚಿತ ತಂತ್ರಾಂಶ ಈ ತತ್ತ್ವದ ಮೇಲೆ ನಿಂತಿದೆ. ಅದು ಮೂಲಕಡತವನ್ನು ಓದಿ, ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ, ಇದು ಅಡಿಟಿಪ್ಪಣಿ ಎಂದು ಅಂಗಾಂಗಗಳನ್ನು ಗುರುತಿಸಿ, ಆ ವಿಂಗಡಣೆಯಿಂದ ಬೇಕಾದ ರೂಪವನ್ನು ಬರೆದುಕೊಡುತ್ತದೆ.

ಇಲ್ಲಿ ಒಂದು ಮರ್ಮವಿದೆ. ಸಾಧನ ನೋಡುವುದು ಪಠ್ಯದ ರಚನೆಯನ್ನೇ ಹೊರತು ಅದರ ಅಲಂಕಾರವನ್ನಲ್ಲ. ಬೆರಳಚ್ಚು ಮಾಡುವವರು ಅಧ್ಯಾಯದ ಹೆಸರನ್ನು ದಪ್ಪ ಅಕ್ಷರದಲ್ಲಿ ದೊಡ್ಡದಾಗಿ ಹಾಕಿದರೆ ಮನುಷ್ಯನ ಕಣ್ಣಿಗೆ ಅದು ಶೀರ್ಷಿಕೆಯೆಂದು ಹೊಳೆಯುತ್ತದೆ. ಸಾಧನಕ್ಕೆ ಅದು ಕೇವಲ ದಪ್ಪ ಅಕ್ಷರದ ಒಂದು ಸಾಲು. ಅದನ್ನು ‘ಶೀರ್ಷಿಕೆ’ ಎಂಬ ಶೈಲಿಯಿಂದಲೇ ಗುರುತು ಮಾಡಿದ್ದರೆ ಎಲ್ಲ ರೂಪಗಳಲ್ಲಿಯೂ ಅದು ಶೀರ್ಷಿಕೆಯಾಗಿಯೇ ನಿಲ್ಲುತ್ತದೆ. ಪಿಡಿಎಫ್ ಕಡತದ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ೧೯೯೩ರಲ್ಲಿ ಅಡೋಬಿ ಸಂಸ್ಥೆ ಬಳಕೆಗೆ ತಂದ ಈ ರೂಪ ಪುಟದ ನೋಟವನ್ನು ಎಲ್ಲೆಡೆಯೂ ಒಂದೇ ರೀತಿ ಕಾಪಾಡುವುದಕ್ಕಾಗಿ ಹುಟ್ಟಿದ್ದು. ಮಾಗಿದ ಹಣ್ಣನ್ನು ಮತ್ತೆ ಹೂವಾಗಿಸಲು ಬಾರದಂತೆ, ಪಿಡಿಎಫ್‌ನಿಂದ ಮೂಲದ ರಚನೆಯನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಪ್ಯಾನ್‌ಡಾಕ್ ಪಿಡಿಎಫ್ ಅನ್ನು ತಯಾರಿಸಬಲ್ಲುದು, ಮೂಲವಾಗಿ ಓದಲಾರದು. ಪಿಡಿಎಫ್ ಒಂದನ್ನೇ ಉಳಿಸಿಕೊಂಡು ಮೂಲಕಡತವನ್ನು ಅಳಿಸಿಬಿಡುವುದು ಸಂಸ್ಥೆಗಳಲ್ಲಿ ಆಗುವ ದೊಡ್ಡ ಅನಾಹುತಗಳಲ್ಲೊಂದು.

ಕನ್ನಡದ ವಿಶೇಷ ತೊಡಕು

ಕನ್ನಡ ಪಠ್ಯಗಳಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಗಣಕದಲ್ಲಿ ಕನ್ನಡದ ಬರೆವಣಿಗೆಯನ್ನು ಮನೆಮಾತಾಗಿಸಿದವು. ಆ ಕಾಲದ ಕಡತಗಳಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ತುಂಡುಗಳಾಗಿ ಕೂಡಿಡಲಾಗುತ್ತಿತ್ತು. ಉದಾಹರಣೆಗೆ ‘ನುಡಿ’ಯ ಹಳೆಯ ಕ್ರಮದಲ್ಲಿ ‘ಮ’ ಎಂಬ ಒಂದು ಅಕ್ಷರ ಮೂರು ಸಂಕೇತಗಳ ಕೂಟ: ‘ವ’ಕಾರದ ಒಡಲು, ತಲೆಕಟ್ಟು, ಮಗ್ಗುಲಿನ ಕೊಂಬು. ‘ಧರ್ಮ’ ಎಂಬ ಪದಕ್ಕೆ ಒಟ್ಟು ಏಳು ಸಂಕೇತಗಳು. ಅದರಲ್ಲಿ ಅರ್ಕಾವೊತ್ತು ಕಾಣುವ ಕ್ರಮದಲ್ಲಿ, ಎಂದರೆ ‘ಮ’ದ ನಂತರ ಕೊನೆಯಲ್ಲಿ ಬರುತ್ತದೆ.

೧೯೯೧ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಡಲಾಗಿದೆ. ಅಲ್ಲಿ ‘ಧರ್ಮ’ ಎಂಬುದು ಉಚ್ಚಾರಣೆಯ ಕ್ರಮದಲ್ಲಿ ನಾಲ್ಕೇ ಸಂಕೇತಗಳು: ಧ, ರ, ಹಲಂತದ ಗುರುತು, ಮ. ಅಕ್ಷರವನ್ನು ಪರದೆಯ ಮೇಲೆ ಹೇಗೆ ಚಿತ್ರಿಸಬೇಕೆಂಬುದು ಫಾಂಟಿನ ಹೊಣೆ. ಈ ಕಾರಣದಿಂದ ಹಳೆಯ ಕ್ರಮದ ಪಠ್ಯವನ್ನು ಯೂನಿಕೋಡ್‌ಗೆ ತರುವಾಗ ಸಂಕೇತಗಳನ್ನು ಒಂದಕ್ಕೊಂದು ಬದಲಿಸಿದರೆ ಸಾಲದು. ತುಂಡುಗಳನ್ನು ಕೂಡಿಸಿ, ಅರ್ಕಾವೊತ್ತನ್ನು ಹಿಂದಕ್ಕೆ ಸರಿಸಿ, ಕ್ರಮವನ್ನೇ ಮತ್ತೆ ಕಟ್ಟಬೇಕು. ಪ್ಯಾನ್‌ಡಾಕ್‌ನಂತಹ ಸಾಧನ ಈ ಕೆಲಸ ಮಾಡದು. ಹಳೆಯ ‘ನುಡಿ’ ಕಡತವನ್ನು ಅದರ ಬಾಯಿಗೆ ಕೊಟ್ಟರೆ ಅದು ರೋಮನ್ ಅಕ್ಷರಗಳ ಅರ್ಥಹೀನ ಸಾಲನ್ನೇ ಹಲವು ರೂಪಗಳಲ್ಲಿ ಅಚ್ಚುಕಟ್ಟಾಗಿ ಹೊರಡಿಸುತ್ತದೆ. ಮೊದಲು ಸಂಕೇತ ಪರಿವರ್ತನೆ, ಅನಂತರ ರೂಪ ಪರಿವರ್ತನೆ ಎಂಬ ಕ್ರಮ ತಪ್ಪಬಾರದು.

ಈ ಕ್ರಮದ ಫಲವನ್ನು ವಚನ ಸಾಹಿತ್ಯದಲ್ಲಿಯೇ ಕಾಣಬಹುದು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ೧೯೯೩ರಲ್ಲಿ ‘ಸಮಗ್ರ ವಚನ ಸಂಪುಟ’ದ ಹದಿನೈದು ಸಂಪುಟಗಳನ್ನು ಹೊರತಂದಿತು. ಎರಡು ದಶಕಗಳ ಅನಂತರ, ಬೆಂಗಳೂರಿನ ಉತ್ಸಾಹಿಗಳ ಒಂದು ಬಳಗ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡ್ ಪಠ್ಯವಾಗಿ ಅಳವಡಿಸಿ ‘ವಚನ ಸಂಚಯ’ ಎಂಬ ಜಾಲತಾಣವನ್ನು ರೂಪಿಸಿತು. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದು ಅಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಸಂಪುಟಗಳ ಪುಟಗಳನ್ನು ಕೇವಲ ಛಾಯಾಚಿತ್ರಗಳಾಗಿ ಹಿಡಿದಿಟ್ಟಿದ್ದರೆ ಈ ಅನುಕೂಲ ಸಾಧ್ಯವಾಗುತ್ತಿರಲಿಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಸಾಧನದ ವಿಚಾರ ಆಡಳಿತ ಮಂಡಳಿಯ ಮುಂದೆ ಬಂದಾಗ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಲೇಸು.

೧. ಈ ಪಠ್ಯ ಎಷ್ಟು ರೂಪಗಳಲ್ಲಿ ಹೊರಡಬೇಕು, ಪ್ರತಿಯೊಂದು ರೂಪವನ್ನು ಓದುವವರು ಯಾರು? ಓದುವವರೇ ಇಲ್ಲದ ರೂಪವನ್ನು ಪಟ್ಟಿಯಿಂದ ತೆಗೆದುಹಾಕಬೇಕು.

೨. ವರ್ಷಕ್ಕೆ ಎಷ್ಟು ಬಾರಿ ಅದು ತಿದ್ದುಪಡಿ ಹೊಂದುತ್ತದೆ?

೩. ಮೂಲ ಯಾವ ಸ್ಥಿತಿಯಲ್ಲಿದೆ? ಅದು ಯೂನಿಕೋಡ್‌ನಲ್ಲಿದೆಯೇ, ಶೀರ್ಷಿಕೆ ಪಟ್ಟಿಗಳು ಶೈಲಿಗಳಿಂದ ಗುರುತಾಗಿವೆಯೇ?

೪. ರೂಪಾಂತರದಲ್ಲಿ ಏನು ಕಳೆದುಹೋದೀತು? ಗಣಿತದ ಸೂತ್ರ, ಅಡ್ಡ ಉದ್ದ ಕೂಡಿಕೊಂಡ ಮನೆಗಳ ಕೋಷ್ಟಕ, ಚಿತ್ರದ ಸ್ಥಾನ ಇವು ಸುಲಭವಾಗಿ ಕೆಡುವ ಅಂಗಗಳು.

೫. ಸಾಧನವನ್ನು ನಡೆಸಲು ಬಲ್ಲವರು ಇಬ್ಬರಾದರೂ ಇದ್ದಾರೆಯೇ? ಒಬ್ಬರೇ ಬಲ್ಲವರಾಗಿ, ಅವರು ವರ್ಗವಾಗಿ ಹೋದರೆ, ಸಾಧನ ಬೀಗ ಹಾಕಿದ ಬೀರುವಾಗುತ್ತದೆ.

ಲೆಕ್ಕ ಹಾಕಿ ನೋಡುವ ಕ್ರಮ

ಕಲ್ಪಿತ ಲೆಕ್ಕಗಳಿಂದ ಇದು ಸ್ಪಷ್ಟವಾಗುತ್ತದೆ. ಸಾಧನವನ್ನು ಕಲಿತು ಅಣಿಗೊಳಿಸಲು ನಲವತ್ತು ಗಂಟೆ ಹಿಡಿಯುತ್ತದೆಯೆಂದು ಇಟ್ಟುಕೊಳ್ಳೋಣ.

ಮೊದಲನೆಯದು, ವರ್ಷಕ್ಕೊಮ್ಮೆ ತಿದ್ದುವ, ಅಚ್ಚು ಮತ್ತು ಜಾಲತಾಣ ಎರಡಕ್ಕೇ ಬೇಕಾದ ಪ್ರವೇಶ ನಿಯಮಾವಳಿ. ಕೈಯಿಂದ ಮಾಡಿದರೆ ವರ್ಷಕ್ಕೆ ಎರಡು ಗಂಟೆಯ ಕೆಲಸ. ನಲವತ್ತು ಗಂಟೆಗಳ ಹೂಡಿಕೆ ತೀರಲು ಇಪ್ಪತ್ತು ವರ್ಷ ಬೇಕು. ಇಲ್ಲಿ ಸಾಧನ ಅನಾವಶ್ಯಕ. ಉಚಿತವಾದ ಲಿಬ್ರೆ ಆಫೀಸ್‌ನಲ್ಲಾಗಲಿ, ಇರುವ ವರ್ಡ್ ತಂತ್ರಾಂಶದಲ್ಲಾಗಲಿ ಬರೆದು ಪಿಡಿಎಫ್ ಆಗಿ ಉಳಿಸಿ, ಮೂಲವನ್ನು ಜೋಪಾನವಾಗಿಟ್ಟರೆ ಸಾಕು.

ಎರಡನೆಯದು, ಆರು ವಿಷಯಗಳ ಪಾಠಟಿಪ್ಪಣಿ. ಪ್ರತಿಯೊಂದಕ್ಕೂ ವರ್ಷಕ್ಕೆ ಹತ್ತು ತಿದ್ದುಪಡಿ, ಒಟ್ಟು ಅರವತ್ತು. ಅಚ್ಚು, ಜಾಲಪುಟ, ಇ-ಪುಸ್ತಕ, ಬ್ರೈಲ್ ಎಂಬ ನಾಲ್ಕು ರೂಪಗಳಲ್ಲಿ ಪ್ರತಿಯೊಂದು ತಿದ್ದುಪಡಿಗೆ ರೂಪವೊಂದಕ್ಕೆ ಅರ್ಧ ಗಂಟೆಯಂತೆ ವರ್ಷಕ್ಕೆ ೧೨೦ ಗಂಟೆ. ಸಾಧನವಿದ್ದರೆ ತಿದ್ದುಪಡಿಯೊಂದಕ್ಕೆ ಮೂಲದಲ್ಲಿ ತಿದ್ದಲು ಅರ್ಧ ಗಂಟೆ, ಪರಿಶೀಲನೆಗೆ ಕಾಲು ಗಂಟೆ, ಒಟ್ಟು ೪೫ ಗಂಟೆ. ಮೊದಲ ವರ್ಷದ ಸಿದ್ಧತೆ ಸೇರಿದರೂ ೮೫ ಗಂಟೆ. ಉಳಿತಾಯ ಮೊದಲ ವರ್ಷವೇ ಕಾಣುತ್ತದೆ. ಪಾಠಾಂತರದ ಭಯವೂ ತಪ್ಪುತ್ತದೆ. ಇಲ್ಲಿ ಸಾಧನ ಅವಶ್ಯಕ.

ಮೂರನೆಯದು, ಹಳೆಯ ಫಾಂಟಿನಲ್ಲಿ ಉಳಿದಿರುವ ಇಪ್ಪತ್ತು ವರ್ಷಗಳ ವಾರ್ಷಿಕ ಸಂಚಿಕೆಗಳು. ಅವು ಇನ್ನು ಬದಲಾಗುವುದಿಲ್ಲ. ಒಮ್ಮೆ ಯೂನಿಕೋಡ್‌ಗೆ ತಂದು, ಕರಡು ತಿದ್ದಿ, ಕಾಪಿಟ್ಟರೆ ಕಾರ್ಯ ಮುಗಿಯಿತು. ಇಲ್ಲಿ ಬೇಕಾದುದು ಸಂಕೇತ ಪರಿವರ್ತಕ ಮತ್ತು ತಾಳ್ಮೆಯಿಂದ ಕರಡು ನೋಡುವ ಕಣ್ಣು. ವರ್ಷವರ್ಷವೂ ಹಣ ಕೊಟ್ಟು ನಡೆಸುವ ಸಾಧನವಲ್ಲ. ಆದರೆ ಈ ಕೆಲಸವನ್ನು ಮುಂದೂಡುವುದು ಸಲ್ಲದು. ಹಳೆಯ ಫಾಂಟು ಇಲ್ಲದ ಗಣಕದಲ್ಲಿ ಆ ಪುಟಗಳು ಓದಲಾಗದ ಗೀಟುಗಳಾಗಿ ತೋರುತ್ತವೆ. ಸಂಸ್ಥೆಯ ಚರಿತ್ರೆಯ ಒಂದು ಭಾಗವೇ ಮೂಕವಾಗುತ್ತದೆ.

ಕೆಲವು ಎಚ್ಚರಿಕೆಗಳು

ಕೊಳ್ಳುವ ಮೊದಲು ಪರೀಕ್ಷಿಸಬೇಕು. ಸಲೀಸಾದ ಹತ್ತು ಪುಟಗಳನ್ನು ಕೊಟ್ಟು ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಒತ್ತಕ್ಷರ, ಅರ್ಕಾವೊತ್ತು, ಕೋಷ್ಟಕ, ಸೂತ್ರ, ಅಡಿಟಿಪ್ಪಣಿಗಳಿಂದ ತುಂಬಿದ ಅತ್ಯಂತ ಕ್ಲಿಷ್ಟವಾದ ಹತ್ತು ಪುಟಗಳನ್ನೇ ಆರಿಸಿಕೊಡಬೇಕು. ಫಲಿತಾಂಶವನ್ನು ಕನ್ನಡ ಅಧ್ಯಾಪಕರೊಬ್ಬರು ಅಕ್ಷರಾಕ್ಷರ ಓದಬೇಕು. ಮೂಲಕಡತವನ್ನು ಎಂದಿಗೂ ಅಳಿಸದೆ, ಬೇರೆ ಎರಡು ಸ್ಥಳಗಳಲ್ಲಿ ಅದರ ಪ್ರತಿಯನ್ನಿಡಬೇಕು. ವಿದ್ಯಾರ್ಥಿಗಳ ಹೆಸರು, ಜಾತಿ, ಅಂಕ, ವಿಳಾಸಗಳಿರುವ ಕಡತಗಳನ್ನು ಉಚಿತ ಪರಿವರ್ತನೆಯ ಆಸೆಯಿಂದ ಅಪರಿಚಿತ ಜಾಲತಾಣಗಳಿಗೆ ಏರಿಸುವುದು ಸರ್ವಥಾ ಸಲ್ಲದು. ಅಂತಹ ಕೆಲಸ ಸಂಸ್ಥೆಯ ಗಣಕದಲ್ಲಿಯೇ ನಡೆಯಬೇಕು.

ಕಡೆಯದಾಗಿ, ಗಂಟೆಗಳ ಲೆಕ್ಕಕ್ಕೆ ನಿಲುಕದ ಒಂದು ಅಂಶವೂ ಇದೆ. ತರಗತಿಯಲ್ಲಿ ಕಣ್ಣು ಕಾಣದ ವಿದ್ಯಾರ್ಥಿ ಒಬ್ಬನೇ ಇದ್ದರೂ, ಅವನ ಪಾಲಿಗೆ ಅಚ್ಚಿನ ಪುಸ್ತಕ ಇಲ್ಲದುದಕ್ಕೆ ಸಮಾನ. ಆರು ಚುಕ್ಕೆಗಳ ಭಾರತಿ ಬ್ರೈಲ್‌ಗೆ ಯೂನಿಕೋಡ್ ಕನ್ನಡವನ್ನು ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ. ಯೂನಿಕೋಡ್ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳೂ ಇವೆ. ೨೦೧೨ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಶಾಸನ ಅಂಗವಿಕಲರ ಉಪಯೋಗಕ್ಕಾಗಿ ಕೃತಿಗಳನ್ನು ಅವರಿಗೆ ಸಲ್ಲುವ ರೂಪಕ್ಕೆ ತರಲು ಅವಕಾಶವಿತ್ತಿದೆ. ಇದೇ ಉದ್ದೇಶದ ಮರಾಕೆಶ್ ಅಂತರರಾಷ್ಟ್ರೀಯ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲರಿಗಿಂತ ಮೊದಲು ಅಂಗೀಕರಿಸಿದ ರಾಷ್ಟ್ರವೂ ಭಾರತವೇ. ಆದರೆ ಚಿತ್ರದಲ್ಲಿ ಏನಿದೆಯೆಂಬ ವಿವರಣೆಯನ್ನು ಅಧ್ಯಾಪಕರೇ ಬರೆದು ಮೂಲದಲ್ಲಿ ಸೇರಿಸಬೇಕು. ಮೂಲದಲ್ಲಿ ಇಲ್ಲದ್ದನ್ನು ಸಾಧನ ತಂದುಕೊಡಲಾರದು. ಇಂತಹ ಒಬ್ಬ ವಿದ್ಯಾರ್ಥಿ ಇರುವಲ್ಲಿ ‘ಎಷ್ಟು ಗಂಟೆ ಉಳಿಯಿತು’ ಎಂಬ ಪ್ರಶ್ನೆ ಹಿಂದೆ ಸರಿದು, ‘ಪಾಠ ಅವನಿಗೆ ತಲಪಿತೇ’ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ.

ಈ ಎಲ್ಲ ವಿವೇಚನೆಯಿಂದ ಹೊರಡುವ ಸಾರ ಇಷ್ಟು. ಇಂದು ಸಾಧನ ಬೇಕಾಗಿರಲಿ, ಬೇಡವಾಗಿರಲಿ, ಯೂನಿಕೋಡ್‌ನಲ್ಲಿ, ಶೈಲಿಗಳಿಂದ ಗುರುತಿಸಿ, ಕರಡು ತಿದ್ದಿ ಇಟ್ಟ ಒಂದು ಶುದ್ಧ ಮೂಲಪ್ರತಿ ಪ್ರತಿಯೊಂದು ಸಂಸ್ಥೆಗೂ ಬೇಕು. ಅದಿದ್ದರೆ ಅಗತ್ಯ ಒದಗಿದ ದಿನ ಯಾವ ಸಾಧನವನ್ನಾದರೂ ತಂದುಕೊಳ್ಳಬಹುದು. ಅದಿಲ್ಲದಿದ್ದರೆ ಎಷ್ಟು ಬೆಲೆಯ ಸಾಧನವೂ ತಪ್ಪುಗಳನ್ನೇ ಹಲವು ರೂಪಗಳಲ್ಲಿ ಹಂಚೀತು.